ಮಕ್ಕಳ ಹಾಡಿಗೆ ಹಿಮ್ಮೇಳ: ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತೇನೆ. ಭಾವಗೀತೆ, ಜನಪದ ಗೀತೆ, ದೇಶಭಕ್ತಿ ಗೀತೆಗಳೇ ಜಾಸ್ತಿ. ಹಾರ್ಮೋನಿಯಂ ನುಡಿಸುತ್ತೇನೆ, ಕಾರ್ಡ್‌ಗಳೂ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಕ್ಕಮಟ್ಟಿಗೆ ಗೊತ್ತು. ತಬಲಾದವರು ವಾರ್ಷಿಕೋತ್ಸವದ ಹೊತ್ತಿಗೆ ಮಾತ್ರ ಸಿಗುತ್ತಾರೆ. ಹಾಗಾಗಿ ದಿನದ ಅಭ್ಯಾಸಕ್ಕೆ ಟ್ರ್ಯಾಕ್ ಬೇಕು. ನನ್ನ ಹತ್ತಿರ 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇದೆ, ಅದರಲ್ಲಿ ಲಿನಕ್ಸ್ ಮಿಂಟ್ ಹಾಕಿದ್ದಾರೆ. ಒಂದು ಯಮಹಾ ಕೀಬೋರ್ಡ್ ಕೂಡ ಇದೆ. ಎಂಎಂಎ, ಇಂಪ್ರೊ-ವೈಸರ್, ಜೆಜಾಝ್‌ಲ್ಯಾಬ್ ಅಂತ ಹೆಸರು ಕೇಳಿದ್ದೇನೆ. ಯಾವುದು ಒಳ್ಳೆಯದು? ಎಐ ಬಂದಿರುವಾಗ ಇವನ್ನೆಲ್ಲ ಕಲಿಯುವ ಅಗತ್ಯ ಇದೆಯಾ?

ಉತ್ತರ: ಟೀಚರ್, ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಿಮಗೆ ಎಂಎಂಎ ಸರಿ. ತಬಲಾಕ್ಕೆ ಅದರ ಜೊತೆ ಹೈಡ್ರೋಜನ್ ಅನ್ನುವ ಡ್ರಮ್ ತಂತ್ರಾಂಶ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆಗೇ ಟ್ರ್ಯಾಕ್ ಬೇಕು ಅನ್ನುವಂಥ ದಿನಕ್ಕೆ ಜೆಜಾಝ್‌ಲ್ಯಾಬ್ ಇರಲಿ. ಇಂಪ್ರೊ-ವೈಸರ್ ತುಂಬ ಒಳ್ಳೆಯ ತಂತ್ರಾಂಶ, ಆದರೆ ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ. ಎಐ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಸದ್ಯಕ್ಕೆ ಅದು ನಿಮ್ಮ ಲ್ಯಾಪ್‌ಟಾಪಿಗೂ ಹೊಂದುವುದಿಲ್ಲ, ನಿಮ್ಮ ಹಾಡುಗಳಿಗೂ ಹೊಂದುವುದಿಲ್ಲ.

ಇವೆಲ್ಲವೂ ಮಾಡುವ ಕೆಲಸ ಮೂಲದಲ್ಲಿ ಒಂದೇ. ಯಾವ ಆವರ್ತದಲ್ಲಿ ಯಾವ ಕಾರ್ಡ್ ಅಂತ ನೀವು ಬರೆದುಕೊಡುತ್ತೀರಿ. ಒಂದು ಸ್ಟೈಲ್ ಆರಿಸುತ್ತೀರಿ. ತಂತ್ರಾಂಶ ಆ ಸ್ಟೈಲ್ ನೋಡಿಕೊಂಡು ಬೇಸ್ ಯಾವ ಸ್ವರ ಹಿಡಿಯಬೇಕು, ಗಿಟಾರ್ ಎಲ್ಲಿ ಮೀಟಬೇಕು, ಡ್ರಮ್ಸ್ ಎಲ್ಲಿ ಬೀಳಬೇಕು ಅಂತ ಲೆಕ್ಕ ಹಾಕಿ ಒಂದು ಮಿಡಿ ಫೈಲ್ ಮಾಡುತ್ತದೆ. ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಜೋರು ಅನ್ನುವ ಸೂಚನೆ ಮಾತ್ರ ಇರುತ್ತದೆ. ಅದನ್ನು ಧ್ವನಿಯಾಗಿ ಮಾಡುವ ಕೆಲಸ ಬೇರೆ ತಂತ್ರಾಂಶದ್ದು. 1990ರಲ್ಲಿ ಬಂದ ಬ್ಯಾಂಡ್-ಇನ್-ಎ-ಬಾಕ್ಸ್ ಅನ್ನುವ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಜನಪ್ರಿಯ ಮಾಡಿದ ದಾರಿ ಇದು. ಓಪನ್ ಸೋರ್ಸ್‌ನವರೂ ಅದೇ ದಾರಿಯಲ್ಲಿ ನಡೆದರು.

ಕಾರ್ಡ್ ಬರೆಯುವುದು ಎಲ್ಲದರಲ್ಲೂ ಸುಲಭ. ಅದನ್ನು ನೋಡಿ ತಂತ್ರಾಂಶ ಆರಿಸಬೇಡಿ. ನೋಡಬೇಕಾದದ್ದು ಸ್ಟೈಲ್ ಎಲ್ಲಿಂದ ಬರುತ್ತದೆ, ಅದನ್ನು ನಾವೇ ಬರೆಯಬಹುದೋ ಇಲ್ಲವೋ ಅನ್ನುವುದನ್ನು. ಇವುಗಳ ಜೊತೆ ಬರುವ ಸ್ಟೈಲ್‌ಗಳಲ್ಲಿ ಸ್ವಿಂಗ್, ಬೊಸಾ ನೋವಾ, ವಾಲ್ಟ್ಜ್, ರಾಕ್, ಬ್ಲೂಸ್ ಧಾರಾಳವಾಗಿವೆ. ಜಾಝ್ ಕಲಿಯುವವರಿಗೆ ಅಷ್ಟು ಸಾಕು. ನಿಮ್ಮ ಭಾವಗೀತೆಗಳು ನಡೆಯುವುದು ದಾದ್ರಾ, ಕೆಹರ್ವಾ ತಾಳಗಳಲ್ಲಿ, ಆಗೊಮ್ಮೆ ಈಗೊಮ್ಮೆ ರೂಪಕ್‌ನಲ್ಲಿ. ದಾದ್ರಾ ಬದಲು ವಾಲ್ಟ್ಜ್ ಹಾಕಿ ನೋಡಿ. ಮೂರು ಮೂರು ಮಾತ್ರೆಯ ಲೆಕ್ಕ ಸರಿಯಾಗೇ ಇರುತ್ತದೆ, ಆದರೆ ಹಾಡು ಕುಂಟುತ್ತದೆ. ವಾಲ್ಟ್ಜ್‌ನಲ್ಲಿ ಪ್ರತಿ ಮೂರಕ್ಕೂ ಒಂದೇ ಥರದ ಒತ್ತು ಬೀಳುತ್ತದೆ. ದಾದ್ರಾದಲ್ಲಿ ಮೊದಲ ಮೂರು ತುಂಬಿ ಬರುತ್ತದೆ, ಮುಂದಿನ ಮೂರು ಹಗುರವಾಗುತ್ತದೆ, ಆರು ಮಾತ್ರೆ ಸೇರಿ ಒಂದು ಉಸಿರು. ಮಕ್ಕಳಿಗೆ ಈ ವ್ಯತ್ಯಾಸವನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಆದರೆ ಅವರು ಹಾಡುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ಹಾಗಾಗಿ ನಮ್ಮ ಸಂಗೀತಕ್ಕೆ ಬೇಕಿರುವುದು ಸ್ಟೈಲನ್ನು ಮೊದಲಿನಿಂದ ಬರೆಯಲು ಬಿಡುವ ತಂತ್ರಾಂಶ. ಆ ಲೆಕ್ಕದಲ್ಲಿ ಎಂಎಂಎ ಎಲ್ಲಕ್ಕಿಂತ ಮುಂದೆ.

ಎಂಎಂಎ ಅಂದರೆ ಮ್ಯೂಸಿಕಲ್ ಮಿಡಿ ಅಕಂಪನಿಮೆಂಟ್. ಬರೆದವರು ಬಾಬ್ ವ್ಯಾನ್ ಡರ್ ಪೋಲ್. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಪರವಾನಗಿ. ಇದಕ್ಕೆ ಕಿಟಕಿ, ಗುಂಡಿ ಏನೂ ಇಲ್ಲ. ಟೆಕ್ಸ್ಟ್ ಎಡಿಟರ್‌ನಲ್ಲಿ ಒಂದು ಫೈಲ್ ಬರೆದು, ಟರ್ಮಿನಲ್‌ನಲ್ಲಿ ಆಜ್ಞೆ ಕೊಟ್ಟರೆ ಮಿಡಿ ಫೈಲ್ ಹೊರಗೆ ಬರುತ್ತದೆ. ಇಲ್ಲೇ ಬಹಳ ಜನ ಹೆದರಿ ಬಿಡುತ್ತಾರೆ. ಹೆದರಬೇಡಿ. ಸ್ವರ ಪ್ರಸ್ತಾರ ಬರೆದು ಗೊತ್ತಿರುವವರಿಗೆ ಇದು ಕಷ್ಟವಲ್ಲ. ಹಳೆಯ ಲ್ಯಾಪ್‌ಟಾಪಿಗಂತೂ ಇದಕ್ಕಿಂತ ಹಗುರವಾದದ್ದು ಸಿಗುವುದಿಲ್ಲ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಎಂಎಂಎ ಅಂತ ಹುಡುಕಿದರೆ ಸಿಗುತ್ತದೆ.

ಫೈಲಿನಲ್ಲಿ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಮೊದಲ ಸಾಲಲ್ಲಿ ಟೆಂಪೊ, ಎರಡನೆಯದರಲ್ಲಿ ಗ್ರೂವ್ ಹೆಸರು. ಸ್ಟೈಲ್ ಅನ್ನು ಎಂಎಂಎ ಗ್ರೂವ್ ಅಂತ ಕರೆಯುತ್ತದೆ. ಅದರ ಕೆಳಗೆ ಒಂದೊಂದು ಸಾಲಿಗೆ ಒಂದೊಂದು ಆವರ್ತದ ಕಾರ್ಡ್. ಸಾಲಿನಲ್ಲಿ ಜಾಗ ಬಿಟ್ಟು ಬರೆದ ಒಂದೊಂದು ಕಾರ್ಡ್ ಒಂದೊಂದು ಮಾತ್ರೆಗೆ ಕೂರುತ್ತದೆ. ಓರೆಗೆರೆ ಹಾಕಿದರೆ ಹಿಂದಿನ ಕಾರ್ಡೇ ಮುಂದುವರಿಯುತ್ತದೆ. ಸಿ, ಓರೆಗೆರೆ, ಓರೆಗೆರೆ, ಎಫ್ ಅಂತ ಬರೆದರೆ ಮೊದಲ ಮೂರು ಮಾತ್ರೆಗೆ ಸಿ, ನಾಲ್ಕನೆಯದರಿಂದ ಎಫ್. ದಾದ್ರಾಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಎಂಸೆಟ್ ಅನ್ನುವ ಆಜ್ಞೆ. ಪಲ್ಲವಿಯ ಕಾರ್ಡ್‌ಗಳನ್ನು ಒಂದು ಸಲ ಬರೆದು ಅದಕ್ಕೊಂದು ಹೆಸರು ಕೊಡಬಹುದು. ಆಮೇಲೆ ಪ್ರತಿ ಚರಣ ಮುಗಿದ ಮೇಲೆ ಆ ಹೆಸರನ್ನು ಬರೆದರೆ ಸಾಕು, ಪಲ್ಲವಿ ಬರುತ್ತದೆ. ಚರಣವನ್ನೂ ಹಾಗೇ ಇಟ್ಟುಕೊಳ್ಳಬಹುದು. ಮೂರು ಚರಣದ ಭಾವಗೀತೆಯ ಪೂರ್ತಿ ಟ್ರ್ಯಾಕ್ ಅರ್ಧ ಪುಟಕ್ಕಿಂತ ಕಡಿಮೆ ಆಗುತ್ತದೆ. ಅಭ್ಯಾಸದ ನಡುವೆ "ಈ ಚರಣ ಇನ್ನೊಂದು ಸಲ" ಅನ್ನಿಸಿದರೆ ಒಂದೇ ಸಾಲು ಸೇರಿಸಿದರೆ ಆಯಿತು.

ಶ್ರುತಿಯ ವಿಷಯ ನಿಮಗೆ ಮುಖ್ಯ. ಹುಡುಗಿಯರ ಗುಂಪು ಐದೂವರೆ ಮನೆಯಲ್ಲಿ ಹಾಡುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಜಿ ಶಾರ್ಪ್. ಆ ಮನೆಯ ಕಾರ್ಡ್‌ಗಳನ್ನು ತಲೆಯಲ್ಲಿ ಲೆಕ್ಕ ಹಾಕುತ್ತಾ ಕೂರುವುದು ಬೇಡ. ಎಲ್ಲವನ್ನೂ ಒಂದನೇ ಮನೆಯಲ್ಲಿ, ಅಂದರೆ ಸಿ ಯಲ್ಲಿ ಬರೆಯಿರಿ. ಮೇಲುಗಡೆ ಟ್ರಾನ್ಸ್‌ಪೋಸ್ ಮೈನಸ್ 4 ಅಂತ ಒಂದು ಸಾಲು ಸೇರಿಸಿ. ಸಿ ಯಿಂದ ನಾಲ್ಕು ಅರೆಸ್ವರ ಕೆಳಗೆ ಇಳಿದರೆ ಜಿ ಶಾರ್ಪ್. ನಾಳೆ ಹುಡುಗರು ಬೇರೆ ಮನೆಯಲ್ಲಿ ಹಾಡಿದರೆ ಆ ಅಂಕಿ ಬದಲಿಸಿ ಮತ್ತೆ ಮಿಡಿ ಮಾಡಿಕೊಳ್ಳಿ. ಡ್ರಮ್ಸ್ ಭಾಗಕ್ಕೆ ಇದು ತಾಗುವುದಿಲ್ಲ, ಕಾರ್ಡ್ ಮತ್ತು ಬೇಸ್ ಮಾತ್ರ ಬದಲಾಗುತ್ತವೆ.

ಈಗ ಸ್ವಂತ ಗ್ರೂವ್. ದಾದ್ರಾವನ್ನೇ ತೆಗೆದುಕೊಳ್ಳೋಣ: ಧಾ ಧಿನ್ ನಾ, ಧಾ ತಿನ್ ನಾ. ಮೊದಲು ಟೈಮ್ 6 ಅಂತ ಬರೆಯಿರಿ. ಒಂದು ಆವರ್ತಕ್ಕೆ ಆರು ಮಾತ್ರೆ ಅಂತ ಅರ್ಥ. ಆಮೇಲೆ ಬೇಸ್. ಎಂಎಂಎಯಲ್ಲಿ ಬೇಸ್‌ನ ಪ್ರತಿ ಸ್ವರಕ್ಕೂ ನಾಲ್ಕು ಅಂಕಿ ಕೊಡಬೇಕು. ಯಾವ ಮಾತ್ರೆಯಲ್ಲಿ, ಎಷ್ಟು ಉದ್ದ, ಕಾರ್ಡಿನ ಎಷ್ಟನೇ ಸ್ವರ, ಎಷ್ಟು ಜೋರು. ಉದ್ದಕ್ಕೆ 4 ಅಂದರೆ ಒಂದು ಮಾತ್ರೆ, 2 ಅಂದರೆ ಎರಡು ಮಾತ್ರೆ, 2ರ ಪಕ್ಕ ಚುಕ್ಕೆ ಇಟ್ಟರೆ ಮೂರು ಮಾತ್ರೆ. ಮೊದಲ ಮಾತ್ರೆಯಲ್ಲಿ ಕಾರ್ಡಿನ ಷಡ್ಜ, ಮೂರು ಮಾತ್ರೆ ಉದ್ದ, ಜೋರು 90. ನಾಲ್ಕನೇ ಮಾತ್ರೆಯಲ್ಲಿ ಪಂಚಮ, ಮೂರು ಮಾತ್ರೆ, ಜೋರು 70. ಬೇಸ್ ಇಷ್ಟೇ.

ತಾಳಕ್ಕೆ ಮೂರೇ ಅಂಕಿ: ಮಾತ್ರೆ, ಉದ್ದ, ಜೋರು. ಉದ್ದಕ್ಕೆ ಸೊನ್ನೆ ಇಟ್ಟರೆ ಸಾಕು, ಏಟು ಬಿದ್ದ ಕೂಡಲೇ ಮುಗಿಯಿತು. ಒಂದು ಡ್ರಮ್ ಸಾಲಿಗೆ ಒಂದೇ ನಾದ ಕೊಡಲು ಬರುವುದರಿಂದ ಎಡಗೈಗೊಂದು, ಬಲಗೈಗೊಂದು ಅಂತ ಎರಡು ಸಾಲು ಮಾಡಿಕೊಳ್ಳಿ. ಎಡಗೈಗೆ ಲೋ ಕಾಂಗಾ ಇಡಿ: ಒಂದು, ಎರಡು, ನಾಲ್ಕನೇ ಮಾತ್ರೆಗಳಲ್ಲಿ. ಮೊದಲನೆಯದು 100, ಎರಡನೆಯದು 75, ನಾಲ್ಕನೆಯದು 60. ತಿನ್ ಬರುವ ಐದನೇ ಮಾತ್ರೆಯಲ್ಲಿ ಎಡಗೈ ಸುಮ್ಮನಿರಬೇಕು. ದಾದ್ರಾದ ಸೊಗಸು ಆ ಖಾಲಿ ಜಾಗದಲ್ಲೇ ಇದೆ. ಬಲಗೈಗೆ ಹೈ ಕಾಂಗಾ: ಆರೂ ಮಾತ್ರೆಯಲ್ಲಿ, ನಾ ಬರುವ ಮೂರು ಮತ್ತು ಆರರಲ್ಲಿ ಸ್ವಲ್ಪ ಜೋರು, ಉಳಿದ ಕಡೆ ಮೆತ್ತಗೆ. ಕೊನೆಗೆ ಡೆಫ್‌ಗ್ರೂವ್ ಅಂತ ಬರೆದು ಇದಕ್ಕೊಂದು ಹೆಸರಿಟ್ಟರೆ ನಿಮ್ಮ ದಾದ್ರಾ ಸಿದ್ಧ. ಅದನ್ನು ಬೇರೆ ಫೈಲಿನಲ್ಲಿಟ್ಟುಕೊಂಡರೆ ಎಲ್ಲ ಹಾಡುಗಳಿಗೂ ಬಳಸಬಹುದು.

ಹೀಗೆ ಮಾಡಿದ್ದನ್ನು ಕೇಳಿದರೆ ಮೊದಲು ಸ್ವಲ್ಪ ಯಂತ್ರದ ಹಾಗೆ ಅನ್ನಿಸುತ್ತದೆ. ಆರ್‌ವಾಲ್ಯೂಮ್ ಮತ್ತು ಆರ್‌ಟೈಮ್ ಅಂತ ಎರಡು ಆಜ್ಞೆಗಳಿವೆ. ಒಂದು ಪ್ರತಿ ಏಟಿನ ಜೋರನ್ನು, ಇನ್ನೊಂದು ಅದರ ಹೊತ್ತನ್ನು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಮಾಡುತ್ತದೆ. ಮಿತವಾಗಿ ಬಳಸಿ. ಆರ್‌ಟೈಮ್ ಜಾಸ್ತಿಯಾದರೆ ತಾಳ ತಪ್ಪಿದ ಹಾಗೆ ಕೇಳುತ್ತದೆ, ಮಕ್ಕಳೂ ಅದರ ಹಿಂದೆಯೇ ಹೋಗುತ್ತಾರೆ.

ಇನ್ನು ಕಾರ್ಡ್‌ಗಳ ಬಗ್ಗೆ ಒಂದು ಮಾತು. ಇದು ತಂತ್ರಾಂಶಕ್ಕಿಂತ ದೊಡ್ಡ ವಿಷಯ. ರಾಗದ ಛಾಯೆ ಗಟ್ಟಿಯಾಗಿರುವ ಹಾಡಿಗೆ ಪ್ರತಿ ಆವರ್ತಕ್ಕೂ ಕಾರ್ಡ್ ಬದಲಿಸಬೇಡಿ. ಈ ತಂತ್ರಾಂಶಗಳು ಪಾಶ್ಚಾತ್ಯ ಹಾಡುಗಳನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದವು. ಎಷ್ಟು ಕಾರ್ಡ್ ಕೊಟ್ಟರೂ ಖುಷಿಯಾಗಿ ನುಡಿಸುತ್ತವೆ. ಆದರೆ ಹಾಡಿನಲ್ಲಿ ಇಲ್ಲದ ಗಾಂಧಾರವನ್ನೋ ನಿಷಾದವನ್ನೋ ಕಾರ್ಡ್ ತಂದು ಹಾಕಿದರೆ ಮಕ್ಕಳ ಕಿವಿ ಆ ಕಡೆ ಎಳೆಯುತ್ತದೆ. ಅಂಥ ಕಡೆ ಪವರ್ ಕಾರ್ಡ್ ಬಳಸಿ. ಕಾರ್ಡಿನ ಹೆಸರಿನ ಪಕ್ಕ 5 ಅಂತ ಬರೆದರೆ ಷಡ್ಜ, ಪಂಚಮ ಮಾತ್ರ ಕೇಳುತ್ತದೆ, ಗಾಂಧಾರ ಇರುವುದಿಲ್ಲ. ಶ್ರುತಿಪೆಟ್ಟಿಗೆ ಹಿಡಿದ ಹಾಗಿರುತ್ತದೆ. ದೇಶಭಕ್ತಿ ಗೀತೆಗಳಿಗೆ, ಸಿನಿಮಾ ಧಾಟಿಯ ಸಮೂಹಗಾನಕ್ಕೆ ಮಾತ್ರ ಪೂರ್ತಿ ಕಾರ್ಡ್‌ಗಳು ಚೆನ್ನಾಗಿ ಒಪ್ಪುತ್ತವೆ.

ಮಿಡಿ ಸಿದ್ಧವಾದ ಮೇಲೆ ಅದಕ್ಕೆ ಧ್ವನಿ ಕೊಡಬೇಕು. ಫ್ಲೂಯಿಡ್‌ಸಿಂತ್ ಅನ್ನುವ ಉಚಿತ ಸಿಂಥಸೈಜರ್, ಅದಕ್ಕೊಂದು ಸೌಂಡ್‌ಫಾಂಟ್, ಅಂದರೆ ವಾದ್ಯಗಳ ಧ್ವನಿ ತುಂಬಿದ ಫೈಲ್. ಫ್ಲೂಯಿಡ್ ಆರ್3 ಅನ್ನುವ ಸೌಂಡ್‌ಫಾಂಟ್ ಮಿಂಟ್‌ನಲ್ಲೇ ಸಿಗುತ್ತದೆ, ಸುಮಾರು 140 ಎಂಬಿ. ಜನರಲ್‌ಯೂಸರ್ ಜಿಎಸ್ ಅನ್ನುವುದು ಸುಮಾರು 30 ಎಂಬಿ ಮಾತ್ರ. ಗಾತ್ರ ಚಿಕ್ಕದಾದರೂ ನನ್ನ ಕಿವಿಗೆ ಅದರ ಸಮತೋಲ ಚೆನ್ನಾಗಿದೆ. ನಿಮ್ಮ 4 ಜಿಬಿಗೆ ಎರಡೂ ಭಾರವಲ್ಲ. ಫ್ಲೂಯಿಡ್‌ಸಿಂತ್ ಮಿಡಿಯನ್ನು ನೇರವಾಗಿ ವೇವ್ ಫೈಲಾಗಿ ಬರೆದುಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ತರಗತಿಯ ಸ್ಪೀಕರ್‌ನಲ್ಲಿ ನುಡಿಸಬಹುದು.

ವಾದ್ಯ ಆರಿಸುವಾಗ ಒಂದು ವಿಷಯ ತಿಳಿದಿರಲಿ. 1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 128 ವಾದ್ಯಗಳಿವೆ. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ, 74 ಕೊಳಲು. ಹಾರ್ಮೋನಿಯಂಗೆ ಹತ್ತಿರದ್ದು 21ನೇ ರೀಡ್ ಆರ್ಗನ್. ತಬಲಾ ಮಾತ್ರ ಇಲ್ಲ. ಮೇಲೆ ಕಾಂಗಾ ಬಳಸಿ ಅಂದದ್ದು ಅದಕ್ಕೇ. ಅಭ್ಯಾಸದ ಮೊದಲ ವಾರಕ್ಕೆ ಕಾಂಗಾ ನಡೆಯುತ್ತದೆ, ಆಮೇಲೆ ಮನಸ್ಸು ತಬಲಾ ಕೇಳುತ್ತದೆ.

ಅಲ್ಲಿಗೆ ಹೈಡ್ರೋಜನ್. ಇದೊಂದು ಡ್ರಮ್ ಮಷೀನ್, ಇದೂ ಜಿಪಿಎಲ್. ಚೌಕಗಳ ಹಾಳೆಯ ಮೇಲೆ ಕ್ಲಿಕ್ ಮಾಡುತ್ತಾ ಏಟುಗಳನ್ನು ಜೋಡಿಸುತ್ತೀರಿ, ಅಂಥ ಹಾಳೆಗಳನ್ನು ಸಾಲಾಗಿ ಇಟ್ಟು ಇಡೀ ಹಾಡು ಮಾಡುತ್ತೀರಿ. ಇದರ ದೊಡ್ಡ ಗುಣ ಅಂದರೆ ನಿಮ್ಮದೇ ಧ್ವನಿಗಳನ್ನು ತುಂಬಬಹುದು. ಹಾಗಾಗಿ ತಬಲಾದವರು ಬಂದಾಗ ಅರ್ಧ ಗಂಟೆ ಕೇಳಿಕೊಳ್ಳಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ತಬಲಾದಿಂದ ಒಂದು ಮೊಳ ದೂರ ಇಟ್ಟು ಒಂದೊಂದೇ ಬೋಲ್ ರೆಕಾರ್ಡ್ ಮಾಡಿಕೊಳ್ಳಿ: ಧಾ, ಧಿನ್, ನಾ, ತಿನ್, ಗೆ, ಕ. ಒಂದೊಂದನ್ನೂ ಮೆತ್ತಗೆ, ಸಾಧಾರಣ, ಜೋರು ಅಂತ ಮೂರು ಥರ ನುಡಿಸಲು ಹೇಳಿ. ಪ್ರತಿ ಏಟಿನ ನಾದ ಪೂರ್ತಿ ಅಡಗುವವರೆಗೆ ಕಾಯಬೇಕು, ಮಧ್ಯೆ ಮಾತು ಬೇಡ. ಆಡಾಸಿಟಿ ಅನ್ನುವ ಧ್ವನಿ ಎಡಿಟ್ ಮಾಡುವ ತಂತ್ರಾಂಶದಲ್ಲಿ ಇವನ್ನು ತುಂಡು ಮಾಡಿ ವೇವ್ ಫೈಲಾಗಿ ಉಳಿಸಿ ಹೈಡ್ರೋಜನ್‌ಗೆ ಹಾಕಿ. ಮೂರು ಥರದ ಏಟುಗಳನ್ನು ಒಂದೇ ವಾದ್ಯದ ಮೂರು ಪದರಗಳಾಗಿ ಇಡಬಹುದು. ಆಗ ಏಟಿನ ಜೋರಿಗೆ ತಕ್ಕ ಧ್ವನಿ ತಾನಾಗೇ ಬರುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಯಾವ ತಬಲಾ ಕಿಟ್‌ಗಿಂತಲೂ ನಿಮ್ಮ ಊರಿನ ತಬಲಾದವರ ಕೈಯೇ ಮಕ್ಕಳಿಗೆ ಒಳ್ಳೆಯದು. ಸ್ಟೇಜಿನ ಮೇಲೆ ಅವರು ಹಾಡುವುದು ಅದರ ಜೊತೆಗೇ ತಾನೇ? ರೆಕಾರ್ಡ್ ಮಾಡುವ ಮೊದಲು ಯಾವುದಕ್ಕೆ ಬಳಸುತ್ತೀರಿ ಅಂತ ಅವರಿಗೆ ಹೇಳಿ, ಒಪ್ಪಿಗೆ ಪಡೆಯಿರಿ.

ಎರಡು ಎಚ್ಚರಿಕೆ. ತಬಲಾ ಶ್ರುತಿಗೆ ಕೂಡಿಸಿದ ವಾದ್ಯ. ಐದೂವರೆ ಮನೆಗೆ ಕೂಡಿಸಿದ ಏಟುಗಳನ್ನು ಬೇರೆ ಮನೆಯ ಹಾಡಿಗೆ ಬಳಸಬೇಕಾದರೆ ಹೈಡ್ರೋಜನ್‌ನಲ್ಲಿ ಅವುಗಳ ಪಿಚ್ ಬದಲಿಸಬೇಕು. ಒಂದೆರಡು ಅರೆಸ್ವರದವರೆಗೆ ಪರವಾಗಿಲ್ಲ, ಅದರಾಚೆ ನಾದ ಕೆಡುತ್ತದೆ. ಆದ್ದರಿಂದ ಸಾಧ್ಯವಾದರೆ ಎರಡು ಶ್ರುತಿಯಲ್ಲಿ ರೆಕಾರ್ಡ್ ಮಾಡಿಸಿಕೊಳ್ಳಿ. ಇನ್ನೊಂದು ವೇಗದ ವಿಷಯ. ಎಂಎಂಎಯಲ್ಲೂ ಹೈಡ್ರೋಜನ್‌ನಲ್ಲೂ ಟೆಂಪೊ ಅಂಕಿ ಒಂದೇ ಇರಬೇಕು, ಎರಡರಲ್ಲೂ ಮಾತ್ರೆಯ ಲೆಕ್ಕ ಒಂದೇ ಇರಬೇಕು. ಎರಡರ ಮೊದಲಲ್ಲೂ ಒಂದು ಆವರ್ತ ಎಣಿಕೆ ಇಡಿ. ಎರಡು ವೇವ್ ಫೈಲ್‌ಗಳನ್ನು ಆಡಾಸಿಟಿಯಲ್ಲಿ ಮೇಲೆ ಕೆಳಗೆ ಇಟ್ಟಾಗ ಮೊದಲ ಏಟು ಒಂದೇ ಗೆರೆಗೆ ಬಂದರೆ ಕೊನೆಯವರೆಗೂ ಸರಿಯಾಗಿ ಹೋಗುತ್ತದೆ. ಆ ಎಣಿಕೆ ಮಕ್ಕಳಿಗೂ ಎತ್ತುಗಡೆಗೆ ಬೇಕೇ ಬೇಕು.

ಜೆಜಾಝ್‌ಲ್ಯಾಬ್ ಇದಕ್ಕೆಲ್ಲ ವಿರುದ್ಧ ದಿಕ್ಕಿನಿಂದ ಬರುತ್ತದೆ. ಮಾಡಿದವರು ಜೆರೋಮ್ ಲೆಲಾಸ್ಸೂ. ಜಾವಾ ಭಾಷೆಯಲ್ಲಿದೆ, ಪರವಾನಗಿ ಎಲ್‌ಜಿಪಿಎಲ್, ಅದೂ ಓಪನ್ ಸೋರ್ಸ್. ನೋಡಲು ಅಚ್ಚುಕಟ್ಟು. ಒಂದು ಕಡೆ ಕಾರ್ಡ್ ಹಾಳೆ, ಇನ್ನೊಂದು ಕಡೆ ಹಾಡಿನ ರಚನೆ. ಪಲ್ಲವಿಗೊಂದು ಭಾಗ, ಚರಣಕ್ಕೊಂದು ಭಾಗ ಮಾಡಿ, ಒಂದೊಂದರಲ್ಲೂ ರಿದಮ್ ಎಷ್ಟು ಜೋರಾಗಿರಬೇಕು, ಯಾವ ವಾದ್ಯ ಸುಮ್ಮನಿರಬೇಕು ಅಂತ ಬೇರೆ ಬೇರೆ ಹೇಳಬಹುದು. ಒಂದು ಕಾರ್ಡಿಗೆ ಒತ್ತು ಕೊಡುವುದು, ಅರ್ಧ ಮಾತ್ರೆ ಮೊದಲೇ ಎತ್ತಿಕೊಳ್ಳುವುದು, ಎಳೆದು ಹಿಡಿಯುವುದು ಕೂಡ ಆಗುತ್ತದೆ. ಫ್ಲೂಯಿಡ್‌ಸಿಂತ್ ಇದರೊಳಗೇ ಇರುವುದರಿಂದ ಹಾಕಿದ ಕೂಡಲೇ ಧ್ವನಿ ಕೇಳುತ್ತದೆ. ಹೊಸಬರಿಗೆ ಮೊದಲ ದಿನವೇ ಖುಷಿ ಕೊಡುವುದು ಇದೇ. ಟ್ರ್ಯಾಕಿನ ಗುಣಮಟ್ಟವನ್ನು ಮಾತ್ರ ನೋಡಿದರೆ, ಅದರಲ್ಲೂ ಜಾಝ್ ನಡೆಗಳಲ್ಲಿ, ಓಪನ್ ಸೋರ್ಸ್‌ನಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ನಿಮಗೆ ಇದರಲ್ಲಿ ಆಸಕ್ತಿ ಹುಟ್ಟಿಸಬೇಕಾದ ಸಂಗತಿ ಬೇರೊಂದಿದೆ. ಇದು ಯಮಹಾ ಕೀಬೋರ್ಡಿನ ಸ್ಟೈಲ್ ಫೈಲುಗಳನ್ನು ಓದುತ್ತದೆ. ನಮ್ಮ ಕಡೆ ಆರ್ಕೆಸ್ಟ್ರಾದವರ ಹತ್ತಿರ ನೋಡುತ್ತೀರಲ್ಲ, ಅದೇ ಪಿಎಸ್‌ಆರ್ ಕೀಬೋರ್ಡ್‌ಗಳ ಇಂಟ್ರೊ, ಮೇನ್ ಎ, ಮೇನ್ ಬಿ, ಫಿಲ್, ಎಂಡಿಂಗ್ ಇರುವ ಫೈಲ್. ಯಮಹಾ ಭಾರತಕ್ಕೆಂದೇ ತಂದ ಪಿಎಸ್‌ಆರ್-ಐ ಸಾಲಿನಲ್ಲಿ ನಮ್ಮ ರಿದಮ್‌ಗಳು, ತಬಲಾ ನಾದಗಳು ಇವೆ. ಆದರೆ ಅಂಥ ಸ್ಟೈಲನ್ನು ಸುಮ್ನೆ ಜೆಜಾಝ್‌ಲ್ಯಾಬ್‌ಗೆ ಹಾಕಿದರೆ ನಿರಾಸೆ ಆಗಬಹುದು. ಸ್ಟೈಲ್ ಕರೆಯುವ ತಬಲಾ ಕೀಬೋರ್ಡಿನ ಒಳಗಿದೆ, ನಿಮ್ಮ ಸೌಂಡ್‌ಫಾಂಟಿನಲ್ಲಿ ಇಲ್ಲ. ಅದರ ಜಾಗದಲ್ಲಿ ಯಾವುದೋ ಡ್ರಮ್ ಏಟು ಕೇಳುತ್ತದೆ.

ಇದಕ್ಕೆ ಒಂದು ಉಪಾಯ ಇದೆ. ನಿಮ್ಮ ಕೀಬೋರ್ಡಿನ ಹಿಂದೆ ಯುಎಸ್‌ಬಿ ಟು ಹೋಸ್ಟ್ ಅಂತ ಬರೆದ ಚೌಕದ ಕಿಂಡಿ ಇದೆಯಾ ನೋಡಿ. ಇದ್ದರೆ ಪ್ರಿಂಟರ್‌ಗೆ ಹಾಕುವಂಥ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ. ಆಗ ಸೂಚನೆ ಲ್ಯಾಪ್‌ಟಾಪಿನದ್ದು, ಧ್ವನಿ ಕೀಬೋರ್ಡಿನದ್ದು. ಜೆಜಾಝ್‌ಲ್ಯಾಬ್‌ನಲ್ಲಿ ಮಿಡಿ ಔಟ್‌ಪುಟ್ ಅಂತ ಕೀಬೋರ್ಡನ್ನು ಆರಿಸಬಹುದು. ಎಂಎಂಎ ಮಾಡಿದ ಮಿಡಿಯನ್ನು ಲಿನಕ್ಸ್‌ನ ಎಪ್ಲೇಮಿಡಿ ಅನ್ನುವ ಆಜ್ಞೆಯಿಂದ ಕೀಬೋರ್ಡಿಗೆ ಕಳುಹಿಸಬಹುದು. ಕೀಬೋರ್ಡಿನಲ್ಲಿರುವ ತಬಲಾ ಕಿಟ್‌ಗೆ ಯಾವ ಬ್ಯಾಂಕ್, ಯಾವ ಪ್ರೋಗ್ರಾಮ್ ಸಂಖ್ಯೆ ಅನ್ನುವುದು ಆ ಮಾದರಿಯ ಡೇಟಾ ಲಿಸ್ಟ್ ಪುಸ್ತಕದಲ್ಲಿರುತ್ತದೆ. ಹಳೆಯ ಲ್ಯಾಪ್‌ಟಾಪಿನ ಮೇಲೆ ಭಾರವೂ ಇಲ್ಲ, ಧ್ವನಿಯೂ ಸೌಂಡ್‌ಫಾಂಟಿಗಿಂತ ಚೆನ್ನ. ಇಷ್ಟಾದರೂ ಜೆಜಾಝ್‌ಲ್ಯಾಬ್ ಓಡುವಾಗ 4 ಜಿಬಿಯಲ್ಲಿ ಬ್ರೌಸರ್ ಮುಚ್ಚಿಡಿ.

ಎಂಎಂಎಯನ್ನು ಇದರ ಮುಂದೆ ಇಟ್ಟದ್ದಕ್ಕೆ ಕಾರಣ ಮತ್ತೆ ಅದೇ, ಸ್ಟೈಲ್ ಬರೆಯುವುದು. ಯಮಹಾ ಸ್ಟೈಲ್ ಫೈಲನ್ನು ಹೊಸದಾಗಿ ಕಟ್ಟುವುದು ದೊಡ್ಡ ಕೆಲಸ. ಎಂಎಂಎಯಲ್ಲಿ ಎಂಟು ಹತ್ತು ಸಾಲು ಬರೆದರೆ ಒಂದು ಠೇಕಾ (ತಾಳದ ಮೂಲ ನಡೆ) ಆಗುತ್ತದೆ. ಏಳು ಮಾತ್ರೆಯ ರೂಪಕ್ ಬೇಕೆಂದರೆ ಟೈಮ್ 7 ಅಂತ ಬರೆದು ಮುಂದುವರಿಯುತ್ತೀರಿ.

ಇಂಪ್ರೊ-ವೈಸರ್ ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನಲ್ಲಿ ಪ್ರೊಫೆಸರ್ ರಾಬರ್ಟ್ ಕೆಲ್ಲರ್ ಮತ್ತು ಅವರ ವಿದ್ಯಾರ್ಥಿಗಳು ಕಟ್ಟಿದ್ದು. ಇದೂ ಜಾವಾ, ಇದೂ ಜಿಪಿಎಲ್. ಜಾಝ್ ಕಲಿಯುವವರು ಕಾರ್ಡ್‌ಗಳ ಮೇಲೆ ಸ್ವಂತ ಸ್ವರಸಂಚಾರ ಹೇಗೆ ಕಟ್ಟಬೇಕು ಅನ್ನುವುದನ್ನು ಕಲಿಸುವುದು ಇದರ ಉದ್ದೇಶ. ಹಿಮ್ಮೇಳ ನುಡಿಸುತ್ತದೆ, ಜೊತೆಗೆ ಸೋಲೋ ಕೂಡ ತಾನೇ ರಚಿಸುತ್ತದೆ. ಹಳೆಯ ಕಲಾವಿದರ ಸೋಲೋಗಳನ್ನು ಕೊಟ್ಟರೆ ಅದರಿಂದ ಒಂದು ವ್ಯಾಕರಣವನ್ನು ಕಲಿತು, ಅದೇ ಧಾಟಿಯಲ್ಲಿ ಹೊಸದನ್ನು ಕಟ್ಟುತ್ತದೆ. ನೀವು ನಾಲ್ಕು ಆವರ್ತ ನುಡಿಸಿದರೆ ಅದು ನಾಲ್ಕು ಆವರ್ತ ಉತ್ತರ ಕೊಡುವ ಏರ್ಪಾಡೂ ಇದೆ. ನಮ್ಮ ಕಲ್ಪನಾಸ್ವರದ ಸವಾಲ್-ಜವಾಬ್ ನೆನಪಾಗುತ್ತದೆ. ಹತ್ತನೇ ತರಗತಿಯಲ್ಲಿ ಗಿಟಾರ್ ಹಿಡಿದ ಹುಡುಗನೋ ಹುಡುಗಿಯೋ ಇದ್ದರೆ ಅವರಿಗೆ ತೋರಿಸಿ. ಅವರಿಗೆ ಇದು ದೊಡ್ಡ ನಿಧಿ. ಸಮೂಹಗಾನದ ಅಭ್ಯಾಸಕ್ಕೆ ಮಾತ್ರ ಇದರಲ್ಲಿರುವ ಬಹುಪಾಲು ನಿಮಗೆ ಬೇಕಾಗುವುದಿಲ್ಲ.

ಹುಡುಕುವಾಗ ಇನ್ನೆರಡು ಹೆಸರು ಕಣ್ಣಿಗೆ ಬೀಳುತ್ತವೆ. ಲಿನಕ್ಸ್‌ಬ್ಯಾಂಡ್ ಅನ್ನುವುದು ಎಂಎಂಎಗೆ ಕಿಟಕಿ ಕಟ್ಟಿಕೊಟ್ಟ ತಂತ್ರಾಂಶ. ಆಸೆ ಹುಟ್ಟಿಸುತ್ತದೆ, ಆದರೆ ಬಹಳ ಹಳೆಯದು, ಅದನ್ನು ಹಾಕಲು ಹೋಗಿ ಸಮಯ ಕಳೆಯಬೇಡಿ. ಮ್ಯೂಸ್‌ಸ್ಕೋರ್ ಸ್ವರಲಿಪಿ ಬರೆಯುವ ತಂತ್ರಾಂಶ. 2020ರ 3.5 ಆವೃತ್ತಿಯಿಂದ ಅದು ಬರೆದ ಕಾರ್ಡ್‌ಗಳನ್ನು ನುಡಿಸುತ್ತದೆ. ಆದರೆ ಸ್ಟೈಲ್ ಇಲ್ಲ, ಬರೀ ಕಾರ್ಡ್ ಒತ್ತಿ ಹಿಡಿದ ಹಾಗೆ ಕೇಳುತ್ತದೆ. ಮಕ್ಕಳಿಗೆ ಸ್ಟಾಫ್ ನೊಟೇಷನ್ ಹಂಚಬೇಕಾದರೆ ಅದು ಒಳ್ಳೆಯದು, ಹಿಮ್ಮೇಳಕ್ಕಲ್ಲ.

ಎಐ ಬಗ್ಗೆ ಕೇಳಿದ್ದೀರಿ. ಎರಡು ಥರದ್ದಿದೆ, ಬೇರೆ ಬೇರೆಯಾಗಿ ನೋಡಬೇಕು. ಒಂದು, ಬರೆದ ವಿವರಣೆ ಓದಿ ಸಂಗೀತ ಮಾಡುವಂಥದ್ದು. ಮೆಟಾದ ಮ್ಯೂಸಿಕ್‌ಜೆನ್ 2023ರಲ್ಲಿ ಬಂತು. ಅದರ ಕೋಡ್ ಎಂಐಟಿ ಅನ್ನುವ ಓಪನ್ ಸೋರ್ಸ್ ಪರವಾನಗಿಯಲ್ಲಿದೆ, ಆದರೆ ತರಬೇತಾದ ಮಾದರಿಗಳನ್ನು ವಾಣಿಜ್ಯಕ್ಕೆ ಬಳಸುವಂತಿಲ್ಲ. ಪೂರ್ತಿ ಓಪನ್ ಸೋರ್ಸ್ ಅಂತ ಅದನ್ನು ಕರೆಯಲು ನಾನು ಒಪ್ಪುವುದಿಲ್ಲ. ಮಾದರಿಗಳು 30 ಕೋಟಿ ಪ್ಯಾರಾಮೀಟರ್‌ನಿಂದ 330 ಕೋಟಿ ಪ್ಯಾರಾಮೀಟರ್‌ವರೆಗೆ ಇವೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಗದ ಮಾತು. ಅದಕ್ಕಿಂತ ದೊಡ್ಡ ತೊಡಕು ಹಿಡಿತದ್ದು. ಹನ್ನೆರಡನೇ ಆವರ್ತದ ನಾಲ್ಕನೇ ಮಾತ್ರೆಯಲ್ಲಿ ಎಫ್ ಬರಲಿ, ಪಲ್ಲವಿ ಎರಡು ಸಲ ಬರಲಿ, ಶ್ರುತಿ ಅರ್ಧ ಮನೆ ಇಳಿಯಲಿ ಅಂತ ಅದಕ್ಕೆ ಹೇಳಲು ಆಗುವುದಿಲ್ಲ. ಕೇಳಲು ಚೆನ್ನಾಗಿರುವ ಏನೋ ಒಂದು ಬರುತ್ತದೆ, ಮಕ್ಕಳ ಹಾಡಿಗೆ ಅದು ಕೂರುವುದಿಲ್ಲ. ಕಾರ್ಡ್ ಹೇಳಿಸಿಕೊಳ್ಳುವ ಮಾದರಿಗಳ ಸಂಶೋಧನೆ ನಡೆದಿದೆ. ಆದರೆ ದಿನದ ಕೆಲಸಕ್ಕೆ ನಂಬುವ ಮಟ್ಟಕ್ಕೆ ಅವು ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಥರದ್ದು ಇರುವ ಹಾಡಿನಿಂದ ದನಿ ಬೇರ್ಪಡಿಸುವುದು. ಡೀಝರ್ ಕಂಪನಿಯ ಸ್ಪ್ಲೀಟರ್ 2019ರಲ್ಲಿ ಬಂತು, ಮೆಟಾದ ಡೆಮಕ್ಸ್ ಇನ್ನೂ ಚೆನ್ನಾಗಿ ಮಾಡುತ್ತದೆ. ಎರಡೂ ಎಂಐಟಿ ಪರವಾನಗಿ. ಡೆಮಕ್ಸ್ ಒಂದು ಹಾಡನ್ನು ದನಿ, ಡ್ರಮ್ಸ್, ಬೇಸ್, ಉಳಿದದ್ದು ಅಂತ ನಾಲ್ಕು ಭಾಗ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಓಡುತ್ತದೆ, ನಿಧಾನ ಅಷ್ಟೆ. ನಿಮ್ಮ 4 ಜಿಬಿಯಲ್ಲಿ ಹಾಡನ್ನು ಸಣ್ಣ ತುಂಡು ಮಾಡಿ ಕೊಡಬೇಕಾಗಬಹುದು. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಕೊಳಲು, ಪಿಟೀಲು ಹಾಡುವವರ ಜೊತೆಗೇ ಹೋಗುತ್ತಿದ್ದರೆ ಅವೂ ಸ್ವಲ್ಪ ದನಿಯ ಭಾಗಕ್ಕೆ ಸೇರಿಹೋಗುತ್ತವೆ. ನಾನು ಇದನ್ನು ಕೇಳಿ ಕಲಿಯಲು ಬಳಸಿ ಅನ್ನುತ್ತೇನೆ. ಬೇಸ್ ಭಾಗವನ್ನು ಮಾತ್ರ ಕೇಳಿದರೆ ಯಾವ ಕಾರ್ಡ್ ಎಲ್ಲಿ ಬದಲಾಗುತ್ತದೆ ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದನ್ನು ಬರೆದುಕೊಂಡು ಎಂಎಂಎಯಲ್ಲಿ ನಿಮ್ಮ ಶ್ರುತಿಗೆ, ನಿಮ್ಮ ವೇಗಕ್ಕೆ ಟ್ರ್ಯಾಕ್ ಮಾಡಿಕೊಳ್ಳಿ.

ಹಕ್ಕುಗಳ ವಿಷಯ ನೀವು ಕೇಳಿಲ್ಲ, ಆದರೂ ವಾರ್ಷಿಕೋತ್ಸವದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಕವಿಯ, ಸಂಗೀತ ಸಂಯೋಜಕರ ಹಕ್ಕು ಅವರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳೇ ಹಾಡಿ, ಕೇಳುವವರು ಶಾಲೆಯವರು ಮತ್ತು ಪೋಷಕರಷ್ಟೇ ಆಗಿದ್ದರೆ ಕಾಯ್ದೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಅದೇ ಹಾಡನ್ನು ಯೂಟ್ಯೂಬ್‌ಗೆ ಹಾಕಿದರೆ ಆ ವಿನಾಯಿತಿ ಬರುವುದಿಲ್ಲ. ವಚನ, ದಾಸರ ಪದ, ಹಳೆಯ ಜನಪದ ಗೀತೆಗಳ ಸಾಹಿತ್ಯ ಎಲ್ಲರದ್ದು. ಆದರೆ ಅದಕ್ಕೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಬೇರೆ ಹಕ್ಕು ಇರುತ್ತದೆ. ಎಂಎಂಎಯಿಂದ ನೀವು ಮಾಡಿದ ಟ್ರ್ಯಾಕಿಗೆ ಜಿಪಿಎಲ್ ಅಂಟುವುದಿಲ್ಲ, ಫ್ಲೂಯಿಡ್ ಆರ್3 ಸೌಂಡ್‌ಫಾಂಟ್ ಕೂಡ ಎಂಐಟಿ ಪರವಾನಗಿಯದ್ದು. ಸ್ವಂತ ದಾದ್ರಾ ಬರೆದು, ನೀವೇ ರಾಗ ಹಾಕಿದ ಜನಪದ ಗೀತೆಗೆ ಅದನ್ನು ಕೂಡಿಸಿದರೆ ಆ ಟ್ರ್ಯಾಕನ್ನು ಬೇರೆ ಶಾಲೆಯ ಟೀಚರ್‌ಗಳಿಗೆ ಧೈರ್ಯವಾಗಿ ಹಂಚಬಹುದು. ಮಿಡಿ ಜೊತೆಗೆ ಎಂಎಂಎ ಫೈಲನ್ನೂ ಕೊಡಿ. ಅವರ ಮಕ್ಕಳ ಶ್ರುತಿ ಬೇರೆ ಇರುತ್ತದೆ, ಟ್ರಾನ್ಸ್‌ಪೋಸ್ ಸಾಲಿನ ಅಂಕಿ ಬದಲಿಸಿಕೊಳ್ಳುತ್ತಾರೆ.